ಬಿದ್ದೋದ ಬೋರ್ಡು

ದಾವಣಗೆರೇಲಿ ನಮ್ಮ ಮಾವನ ಹೋಟೆಲಿಗೆ ಒಂದು ವೆಬ್ ಪುಟ ಮಾಡ್ತಿದೀನಿ. ಎಡಗಡೆ ಅಂಚಿಗೆ ‘ಬೆಣ್ಣೆ ದೋಸೆ’ ಅಂತ ಉದ್ದಕ್ಕೆ ನಿಲ್ಲಿಸಬೇಕಿತ್ತು. ಸಿಎಸ್‌ಎಸ್‌ನಲ್ಲಿ, ಅಂದ್ರೆ ಪುಟ ಹೆಂಗೆ ಕಾಣ್ಬೇಕು ಅಂತ ಹೇಳೋ ಕೋಡಲ್ಲಿ, ತಿರುಗಿಸೋಕೆ ಟ್ರಾನ್ಸ್‌ಫಾರ್ಮ್ ರೊಟೇಟ್, ಮೈನಸ್ 90 ಡಿಗ್ರಿ ಕೊಟ್ಟೆ. ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಅದು ಸ್ಪ್ಯಾನ್, ಸಾಲಿನೊಳಗಿನ ಪದಕ್ಕೆ ಹಾಕೋ ಟ್ಯಾಗು; ಹಂಗೆ ಸಾಲಿನ ಜೊತೆ ಹರಿಯೋ ಇನ್‌ಲೈನ್ ಆಗಿದ್ರೆ ತಿರುಗಲ್ಲ ಅನ್ನೋದೇ ಮರೆತಿದ್ದೆ. ಇನ್‌ಲೈನ್-ಬ್ಲಾಕ್, ಅಂದ್ರೆ ಸಾಲಲ್ಲೇ ಕೂರೋ ಒಂದು ಡಬ್ಬಿ ಮಾಡಿದ್ಮೇಲೆ ತಿರುಗ್ತು, ಸೀದಾ ಹೋಗಿ ರೇಟಿನ ಪಟ್ಟಿ ಮೇಲೆ ಕೂತ್ಕೊಂತು. ಅಡ್ಡಕ್ಕಿದ್ದಾಗ ಹಿಡಿದಿದ್ದ ಜಾಗ ಮಾತ್ರ ಹಾಗೇ ಖಾಲಿ. ರೊಟೇಟ್ ತಿರುಗಿಸೋದು ಕಣ್ಣಿಗೆ ಕಾಣೋದನ್ನಷ್ಟೇ, ಲೇಔಟಿನ ಲೆಕ್ಕ ಹಳೇದೇ. ಅಣ್ಣ ಬೆಂಗಳೂರಿಗೆ ಹೋಗಿ 6 ವರ್ಷ ಆಯ್ತು, ಅವನ ಮಂಚದ ಮೇಲೆ ಅಮ್ಮ ಇವತ್ತಿಗೂ ಮಡಚಿದ ಬಟ್ಟೆ ಇಡೋಕೆ ಬಿಡಲ್ಲ. ಯಾಕೋ ಅದು ನೆನಪಾಯ್ತು.

ಕೊನೆಗೆ ಆ ರೊಟೇಟ್ ತೆಗೆದು, ಸಾಲನ್ನೇ ಮೇಲಿಂದ ಕೆಳಕ್ಕೆ ಹರಿಸೋ ರೈಟಿಂಗ್-ಮೋಡ್ ವರ್ಟಿಕಲ್-ಆರ್‌ಎಲ್ ಹಾಕಿದೆ. ಜಾಗಾನೂ ಜೊತೆಗೇ ಉದ್ದಕ್ಕೆ ನಿಂತ್ಕೊಂತು. ಕೆಳಗಿಂದ ಮೇಲಕ್ಕೆ ಓದಿಸ್ಬೇಕಿತ್ತಲ್ಲ, ಮೇಲೊಂದು 180 ಡಿಗ್ರಿ ರೊಟೇಟ್. ಅರ್ಧ ಸುತ್ತಿಗೆ ಡಬ್ಬಿ ಅಲ್ಲೇ ಇರುತ್ತೆ, ತೊಂದರೆ ಇಲ್ಲ.

ಮಾವಂಗೆ ಫೋನಲ್ಲಿ ತೋರಿಸಿದೆ. ಕತ್ತು ವಾರೆ ಮಾಡಿ ನೋಡಿ, “ಬೋರ್ಡು ಬಿದ್ದೋಗೈತಲ್ಲೋ, ನೆಟ್ಟಗೆ ಬರಿ” ಅಂದ್ರು. ಆಮೇಲೆ ಹಂಚಿನ ಕಡೆ ಹೋಗಿ ದೋಸೆ ತಿರುವಿ ಹಾಕಿದ್ರು.