ಸೆಲ್ಫ್ ಎತ್ತುತ್ತಿಲ್ಲವೇ? ಹೊಸ ಬ್ಯಾಟರಿ ತರುವ ಮುನ್ನ ಮೀಟರ್ ಹಿಡಿಯಿರಿ

ಕೀ ತಿರುಗಿಸಿದರೆ ಎಂಜಿನ್ ಸುತ್ತುವುದಿಲ್ಲ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಹೊಸ ಬ್ಯಾಟರಿ ತರುವುದು, ಎರಡನೆಯದು ಸೆಲ್ಫ್ ಮೋಟಾರ್ ಇಳಿಸುವುದು. ಇವೆರಡೂ ಚೆನ್ನಾಗಿದ್ದು, ನಡುವಿನ ಒಂದು ಕೊಳೆತ ಅರ್ತ್ ವೈರಿನಿಂದ (ಬ್ಯಾಟರಿಯ ನೆಗೆಟಿವನ್ನು ಎಂಜಿನ್ನಿಗೂ ಗಾಡಿಯ ಮೈಗೂ ಜೋಡಿಸುವ ವೈರು) ಗಾಡಿ ನಿಂತುಬಿಡುವುದು ತೀರಾ ಸಾಮಾನ್ಯ. ಮಾಮೂಲಿ ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಕೀ ತಿರುಗಿಸಲು ಜೊತೆಗೊಬ್ಬರು ಇದ್ದರೆ ತಪ್ಪು ಎಲ್ಲಿದೆ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಎಂಜಿನ್ ಸುತ್ತಿಯೂ ಸ್ಟಾರ್ಟ್ ಆಗದಿದ್ದರೆ ಅದು ಇಂಧನದ ಅಥವಾ ಸ್ಪಾರ್ಕಿನ ತೊಂದರೆ, ಆ ಮಾತು ಬೇರೆ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ, ಶಬ್ದ ಕೇಳಿ.

‘ಟಕಟಕಟಕ’ ಎಂದು ಬಡಿದುಕೊಂಡು ಲೈಟ್ ಮಂಕಾದರೆ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಕೂಡಿಸುವ ವಿದ್ಯುತ್ಕಾಂತದ ಸ್ವಿಚ್) ಮೇಲೆ ಮೊದಲೇ ಅನುಮಾನ ಬೇಡ. ಅದರೊಳಗೆ ಎರಡು ಸುರುಳಿಗಳಿವೆ: ಒಂದು ಪ್ಲಂಜರನ್ನು (ಒಳಗೆ ಜಾರುವ ಕಬ್ಬಿಣದ ದಂಡ) ಎಳೆಯುತ್ತದೆ, ಇನ್ನೊಂದು ಹಿಡಿದಿಡುತ್ತದೆ. ಪ್ಲಂಜರ್ ಒಳಗೆ ಹೋಗಿ ದಪ್ಪ ಕಾಂಟ್ಯಾಕ್ಟ್ ಕೂಡಿದೊಡನೆ ಮೋಟಾರು ಭಾರೀ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಹಿಡಿದಿಡುವ ಸುರುಳಿಗೆ ಬಲ ಸಾಲದೆ ಸ್ಪ್ರಿಂಗ್ ಪ್ಲಂಜರನ್ನು ಹಿಂದೆ ತಳ್ಳುತ್ತದೆ. ಹೊರೆ ತಪ್ಪಿದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆತ. ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ ಎಂದೇ ಸಾಮಾನ್ಯವಾಗಿ ಇದರರ್ಥ.

ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ಸೊಲೆನಾಯ್ಡ್ ಎಳೆದಿದೆ, ಮೋಟಾರು ತಿರುಗಿಲ್ಲ. ಏನೂ ಸದ್ದಿಲ್ಲದಿದ್ದರೆ ಕೀಯಿಂದ ಸೊಲೆನಾಯ್ಡಿಗೆ ಬರುವ ಸಣ್ಣ ವೈರಿನ ದಾರಿ ಹುಡುಕಬೇಕು. ‘ಗುಯ್’ ಎಂದು ಮೋಟಾರು ಬರಿದೇ ತಿರುಗಿದರೆ ಮೋಟಾರಿನ ತಿರುಗಾಟವನ್ನು ಎಂಜಿನ್ನಿಗೆ ಮುಟ್ಟಿಸುವ ಬೆಂಡಿಕ್ಸ್ ಕ್ಲಚ್ ಜಾರುತ್ತಿದೆ ಅಥವಾ ಎಂಜಿನ್ ಕಡೆಯ ರಿಂಗ್ ಗೇರಿನ ಹಲ್ಲು ಸವೆದಿದೆ.

ಈಗ ಮೀಟರ್. ಹೆಡ್‌ಲೈಟ್ ಆರಿಸಿ ಕೆಲವು ನಿಮಿಷ ಬಿಟ್ಟು ಅಳೆದರೆ, ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಸುಮಾರು ಅರ್ಧ ಚಾರ್ಜ್. ನಿಂತಾಗಿನ ಅಂಕಿ ನೋಡಿ ಸಮಾಧಾನ ಪಡಬೇಡಿ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದೂ ಆರಕ್ಕೋ ಏಳಕ್ಕೋ ಬಿದ್ದರೆ ಬ್ಯಾಟರಿ ಸತ್ತಿದೆ, ಇಲ್ಲವೇ ಮೋಟಾರು ಅಥವಾ ಎಂಜಿನ್ ಸಿಕ್ಕಿಕೊಂಡಿದೆ. 12ರ ಮೇಲೆಯೇ ನಿಂತು ಮೋಟಾರು ತಿರುಗದಿದ್ದರೆ ಅದರಲ್ಲಿ ಕರೆಂಟ್ ಹರಿಯುತ್ತಲೇ ಇಲ್ಲ.

ಮುಂದಿನ ಪರೀಕ್ಷೆಯನ್ನು ಮಾಡುವವರು ಕಡಿಮೆ, ಉಪಯೋಗ ಮಾತ್ರ ಇದರದ್ದೇ ಹೆಚ್ಚು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ 0.02 ಓಮ್ ತಡೆ ಇದ್ದರೂ ಅಲ್ಲೇ 3 ವೋಲ್ಟ್ ಕರಗಿಹೋಗುತ್ತದೆ. ಇಷ್ಟು ಸಣ್ಣ ತಡೆಯನ್ನು ಮೀಟರಿನ ಓಮ್ ರೇಂಜ್ ಹಿಡಿಯಲಾರದು. ಹಾಗಾಗಿ ಕರೆಂಟ್ ಹರಿಯುವಾಗಲೇ ವೋಲ್ಟ್ ರೇಂಜಿನಲ್ಲಿ ಅಳೆಯಬೇಕು. ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ), ಇನ್ನೊಂದು ಸೆಲ್ಫ್‌ನ ಲೋಹದ ಮೈಗೆ. ಕೀ ತಿರುಗಿಸಿದಾಗ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ಹೀಗೆಯೇ ಪಾಸಿಟಿವ್ ಕಂಬದಿಂದ, ಬ್ಯಾಟರಿಯ ದಪ್ಪ ಕೇಬಲ್ ಬಂದು ಸೇರುವ ಸೊಲೆನಾಯ್ಡಿನ 30ನೇ ಟರ್ಮಿನಲ್‌ಗೆ: 0.5ರ ಒಳಗಿರಬೇಕು. ಕೊನೆಗೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ನಡುವೆ: ಕೀ ತಿರುಗಿಸುವ ಮುನ್ನ 12, ‘ಟಕ್’ ಎಂದ ಮೇಲೆ ಸೊನ್ನೆಯ ಹತ್ತಿರ. ‘ಟಕ್’ ಎಂದ ಮೇಲೂ 12 ನಿಂತಿದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಇಷ್ಟೂ ಕಡೆ ಸರಿಯಿದ್ದು ಮೋಟಾರಿಗೆ ಪೂರ್ತಿ ವೋಲ್ಟೇಜ್ ತಲುಪಿಯೂ ತಿರುಗದಿದ್ದರೆ ಹೆಚ್ಚಾಗಿ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದಿರುತ್ತದೆ. ಮೈಮೇಲೆ ಮೆಲ್ಲಗೆ ತಟ್ಟಿದಾಗ ಒಮ್ಮೆ ಎತ್ತಿಕೊಂಡರೆ ಬ್ರಷ್ಷೇ ಎಂದು ಹೆಚ್ಚೂಕಡಿಮೆ ಖಚಿತ.

ಪ್ರತಿ ಸಲ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಒಂದು ನಿಮಿಷ ಬಿಡುವು ಕೊಡಿ. 30ನೇ ಟರ್ಮಿನಲ್‌ಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅಲ್ಲಿ ಸ್ಪ್ಯಾನರ್ ಹಾಕುವ ಮುನ್ನ ನೆಗೆಟಿವ್ ಕಳಚಲೇಬೇಕು.

ಅರ್ತ್ ಮೇಲೆ ಅನುಮಾನ ಬಂದರೆ ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ. ಸೆಲ್ಫ್ ಎತ್ತಿತೇ? ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಹೆಣಿಗೆಯ ಪಟ್ಟಿ ಬಿಚ್ಚಿ, ಎರಡೂ ತುದಿ ಉಜ್ಜಿ ಬಿಗಿಯಿರಿ. ಎಳೆಗಳು ಹಸಿರುಗಟ್ಟಿದ್ದರೆ ಹೊಸದೇ ಹಾಕಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಗೆ ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾ ಸಾಕು. ಒಣಗಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ.

ಸದ್ದೇ ಇಲ್ಲದಿದ್ದಾಗ ಸೊಲೆನಾಯ್ಡಿನ 50ನೇ ಟರ್ಮಿನಲ್ಲಿಗೆ ಕೀಯಿಂದ ಬರುವ ಸಣ್ಣ ವೈರನ್ನು ಅಳೆಯಿರಿ. ಕೀ ತಿರುಗಿಸಿದಾಗ 10 ವೋಲ್ಟಿಗಿಂತ ಹೆಚ್ಚು ಬಂದೂ ಸೊಲೆನಾಯ್ಡ್ ಎಳೆಯದಿದ್ದರೆ ತಪ್ಪು ಸೆಲ್ಫ್‌ನದ್ದು. ಬರದಿದ್ದರೆ ಫ್ಯೂಸ್ ನೋಡಿ, ಸ್ಟಾರ್ಟರ್ ರಿಲೇ ಜಾಗಕ್ಕೆ ಅದೇ ನಂಬರಿನ ಬೇರೆ ರಿಲೇ ಹಾಕಿ ನೋಡಿ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಗಳಲ್ಲಿ ಪೆಡಲ್ ಹಿಂದಿನ ಸ್ವಿಚ್ಚಿಗೆ ತಾಗುವ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಪುಡಿಯಾಗಿ ಬಿದ್ದಿರಬಹುದು. ಪೆಡಲ್ ಕೆಳಗಿನ ಮ್ಯಾಟ್ ಮೇಲೆ ಚೂರುಗಳು ಸಿಗುತ್ತವೆ. ಆಟೋಮ್ಯಾಟಿಕ್ ಆದರೆ ‘ಪಿ’ ಬಿಟ್ಟು ‘ಎನ್’ನಲ್ಲಿ ಪ್ರಯತ್ನಿಸಿ. ಕೆಲವು ಗಾಡಿಗಳಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರ್ ಕೂಡ ಸೆಲ್ಫ್ ತಡೆಯುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಇದ್ಯಾವುದನ್ನೂ ಮಾಡಬಾರದು. ಮಳೆನೀರು ತುಂಬಿದ ಅಂಡರ್‌ಪಾಸಿನಲ್ಲೋ ನೆಲಮಾಳಿಗೆಯಲ್ಲೋ ನಿಂತ ಗಾಡಿಯ ಸಿಲಿಂಡರಿಗೆ ನೀರು ಹೋಗಿರಬಹುದು. ನೀರು ಅಮುಕಿದರೆ ಕುಗ್ಗದು, ಸೆಲ್ಫ್ ಹೊಡೆದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಏರ್ ಫಿಲ್ಟರ್ ತೆಗೆದು ನೋಡಿ. ಒದ್ದೆಯಿದ್ದರೆ ಕೀ ಮುಟ್ಟದೆ ಟೋ ಮಾಡಿಸಿ, ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿಸಿ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಲು ಹೇಳಿ.