ಮನಸ್ಸಿನ ಮಾತನ್ನು ಯಾರ ಮುಂದೆ ಆಡುವುದು?

ಹಲ್ಲುನೋವಿಗೆ ಯಾರ ಹತ್ತಿರ ಹೋಗಬೇಕು, ಮಂಡಿನೋವಿಗೆ ಮಂಗಳೂರಿನ ಯಾವ ಆಸ್ಪತ್ರೆ ಒಳ್ಳೆಯದು ಎಂದು ಕೇಳಿದರೆ ನಮ್ಮ ಕಾಸರಗೋಡಿನ ನೆಂಟರಿಷ್ಟರಲ್ಲಿ ಹೇಳುವವರಿಗೆ ಕೊರತೆಯಿಲ್ಲ. ಮನಸ್ಸಿಗೆ ತೊಂದರೆಯಾದಾಗ ಮಾತ್ರ ಕೇಳುವವರಿಗೂ ಸಂಕೋಚ, ಹೇಳುವವರಿಗೂ ಸಂಕೋಚ. ಹಾಗಾಗಿ ಆಪ್ತಸಮಾಲೋಚಕರ ಆಯ್ಕೆಯು ವಾಟ್ಸಾಪಿನಲ್ಲಿ ಬಂದ ಒಂದು ಪೋಸ್ಟರನ್ನೋ ಯೂಟ್ಯೂಬಿನಲ್ಲಿ ಕೇಳಿದ ಒಂದು ಭಾಷಣವನ್ನೋ ನಂಬಿ ನಡೆದುಬಿಡುತ್ತದೆ. ನಿವೃತ್ತಿಯಾದ ಮೇಲೂ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹಳೆಯ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಂದಿರು ಈ ವಿಷಯವನ್ನು ನನ್ನ ಬಳಿ ಎತ್ತುತ್ತಿರುವುದರಿಂದ, ಅವರಿಗೆ ಒಬ್ಬೊಬ್ಬರಿಗೇ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಯಾರು ಯಾರೆಂಬುದು ತಿಳಿದಿರಬೇಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆದವರು. ಔಷಧಿ ಬರೆದುಕೊಡುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾತುಕತೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ನೀಡುವವರು, ಎಂದು ಕರೆದುಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ಯ ನೋಂದಣಿ ಇರಬೇಕು, ಮತ್ತು ಆ ನೋಂದಣಿ ಸಂಖ್ಯೆಯನ್ನು ಕೇಳಲು ನಾವು ನಾಚಬೇಕಾಗಿಲ್ಲ. ಮನಶ್ಶಾಸ್ತ್ರದಲ್ಲಿ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಆಪ್ತಸಮಾಲೋಚನೆ ನಡೆಸುವವರೂ ಇದ್ದಾರೆ. ಅವರಲ್ಲಿ ಒಳ್ಳೆಯವರು ಬಹಳ ಮಂದಿ. ಆದರೆ ಎಲ್ಲಿ ಓದಿದಿರಿ, ಯಾರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದಿರಿ, ಕಷ್ಟದ ಪ್ರಕರಣ ಬಂದಾಗ ಯಾರೊಡನೆ ಚರ್ಚಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಅವರಿಗೂ ಕೇಳಬೇಕು. ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಬಳಿಗೆ ಎರಡನೆಯ ಸಲ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಲೈಫ್ ಕೋಚ್ ಎಂಬ ಹೆಸರಿಗೆ ನಮ್ಮ ದೇಶದಲ್ಲಿ ಸರಕಾರದ ಪರವಾನಗಿಯೆಂಬುದು ಇಲ್ಲ. ಯಾರು ಬೇಕಾದರೂ ಆ ಬೋರ್ಡು ಹಾಕಿಕೊಳ್ಳಬಹುದು. 1995ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಖಾಸಗಿ ಸಂಸ್ಥೆಯೊಂದು ತನ್ನ ಮೊದಲ ಹಂತದ ಮನ್ನಣೆಗೇ 60 ಗಂಟೆಗಳ ಶಿಕ್ಷಣವನ್ನೂ 100 ಗಂಟೆಗಳ ಅನುಭವವನ್ನೂ ಕೇಳುತ್ತದೆ. ಹೋಟೆಲ್ ಹಾಲಿನ ಎರಡು ದಿನಗಳ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರನ್ನು ತೂಗಿ ನೋಡುವುದಕ್ಕೆ ಈ ಅಳತೆ ಸಾಕು. ಕೋಚ್‌ಗಳಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೊಲ್ಲಿಯಿಂದ ಮರಳಿ ಬಂದವರು ಊರಿನಲ್ಲಿ ಏನು ವ್ಯವಹಾರ ಮಾಡುವುದೆಂದು ತಿಳಿಯದೆ ಕುಳಿತಾಗ, ಉದ್ಯೋಗ ಬದಲಿಸುವ ಯೋಚನೆಯಲ್ಲಿರುವಾಗ, ಗುರಿಯನ್ನು ಸ್ಪಷ್ಟಪಡಿಸಿಕೊಳ್ಳಲು ಒಳ್ಳೆಯ ಕೋಚ್ ಒಬ್ಬರು ನೆರವಾಗಬಲ್ಲರು. ಆದರೆ ನಿದ್ದೆ, ಊಟ, ಆಸಕ್ತಿ ಎಲ್ಲವೂ ಎರಡು ವಾರಗಳಿಂದ ಕೆಟ್ಟಿದ್ದರೆ, ಸಾಯುವ ಮಾತು ಬಂದಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಅದು ಅವರ ಕೆಲಸವಲ್ಲ. ಪ್ರಾಮಾಣಿಕ ಕೋಚ್ ಅದನ್ನು ತಾನೇ ಹೇಳಿ ವೈದ್ಯರ ಬಳಿಗೆ ಕಳುಹಿಸುತ್ತಾರೆ. ನಮ್ಮ ಪರಿಚಯದವರೊಬ್ಬರಿಗೆ ಹೀಗೆ ಹೇಳುವವರು ಸಿಗಲಿಲ್ಲ. "ಮಾತ್ರೆ ಬಿಡಿ, ಮನಸ್ಸು ಗಟ್ಟಿ ಮಾಡಿ" ಎಂಬ ಸಲಹೆ ಕೇಳಿ ಮನೋವೈದ್ಯರು ಕೊಟ್ಟ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿ, ಮೊದಲಿಗಿಂತ ಕಂಗೆಟ್ಟು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಔಷಧಿ ಬರೆದವರನ್ನು ಕೇಳದೆ ಅದನ್ನು ನಿಲ್ಲಿಸಲು ಹೇಳುವವರು ಯಾರೇ ಇರಲಿ, ಎಷ್ಟೇ ಚೆನ್ನಾಗಿ ಮಾತನಾಡಲಿ, ಅಲ್ಲಿಂದ ಎದ್ದು ಬರಬೇಕು.

ಇನ್ನು ಭಾಷೆಯ ವಿಚಾರ. ಗಡಿನಾಡಿನವರಾದ ನಾವು ಇದನ್ನು ಹಕ್ಕಿನ ಪ್ರಶ್ನೆಯಾಗಿ ನೋಡಿ ಅಭ್ಯಾಸವಾಗಿದೆ, ಮತ್ತು ಅದು ಹಕ್ಕಿನ ಪ್ರಶ್ನೆ ಹೌದು ಕೂಡ. ಆದರೆ ಆಪ್ತಸಮಾಲೋಚನೆಯಲ್ಲಿ ಭಾಷೆಯೇ ಚಿಕಿತ್ಸೆಯ ಸಾಧನವಾಗಿರುವುದರಿಂದ ಅದರ ತೂಕ ಇನ್ನೂ ಹೆಚ್ಚು. ನನ್ನ ಅಕ್ಕನ ಮಗ, ಹತ್ತೊಂಬತ್ತರ ಹುಡುಗ, ನೀಟ್ ಪರೀಕ್ಷೆಯಲ್ಲಿ ಎರಡನೆಯ ಸಲವೂ ಅಂಕ ಬಾರದೆ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಾಗ (ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ) ನಾವು ಅವನನ್ನು ಮೊದಲು ಕರೆದುಕೊಂಡು ಹೋದದ್ದು ಮಲಯಾಳ ಮಾತನಾಡುವ ಒಬ್ಬ ಆಪ್ತಸಮಾಲೋಚಕಿಯ ಬಳಿಗೆ. ವಿದ್ಯೆ, ತಾಳ್ಮೆ ಎರಡೂ ಇದ್ದವರು. ಹುಡುಗನಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮೂರೂ ಸಲೀಸು. ಹಾಗಿದ್ದರೂ ಆ ಕೋಣೆಯಲ್ಲಿ ಅವರ ಪ್ರಶ್ನೆಗಳಿಗೆಲ್ಲ ಅವನು "ಕುಳಪ್ಪಮಿಲ್ಲ" (ತೊಂದರೆಯೇನಿಲ್ಲ) ಎಂದಷ್ಟೇ ಉತ್ತರಿಸುತ್ತಿದ್ದ, ಅಂಗಡಿಯವರಿಗೆ ಹೇಳಿದ ಹಾಗೆ. ಅದನ್ನು ಗಮನಿಸಿದವರು ಅವರೇ. ಮನೆಮಾತಿನಲ್ಲಿ ಮಾತನಾಡಿದರೆ ಇವನಿಗೆ ಹಗುರವಾದೀತು ಎಂದು ಹೇಳಿ, ತುಳು ಮತ್ತು ಕನ್ನಡ ಬಲ್ಲ ಮಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರಿಗೆ ಪತ್ರ ಬರೆದುಕೊಟ್ಟರು. ಅಲ್ಲಿ ಅವನು ಅತ್ತದ್ದು, ಕೊಲ್ಲಿಯಿಂದ ಅಪ್ಪನ ಫೋನು ಬರುವ ಹೊತ್ತಾದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ ಎಂದು ಹೇಳಿದ್ದು, ಎಷ್ಟೋ ಕಾಲದ ಮೇಲೆ ಅವನೇ ನನಗೆ ತಿಳಿಸಿದ ಸಂಗತಿ.

ಹಾಗೆಂದು ಭಾಷೆ ಒಂದೇ ಸಾಲದು. ನಮ್ಮ ಭಾಷೆಯಲ್ಲಿ ಸೊಗಸಾಗಿ ಮಾತನಾಡುವ, ಓದಿಲ್ಲದ ಉಪದೇಶಕರಿಗಿಂತ, ಬೇರೆ ಭಾಷೆಯ ತರಬೇತಾದ ಸಮಾಲೋಚಕರು ಮೇಲು ಎಂಬುದು ನನ್ನ ಅಭಿಪ್ರಾಯ. ಎರಡೂ ಒಂದೆಡೆ ಸಿಗುವುದಾದರೆ ಸ್ವಲ್ಪ ದೂರ ಹೋಗಬೇಕಾದರೂ ಹೋಗೋಣ. ದೂರ ಹೋಗುವುದು ಯಾವಾಗಲೂ ಸಾಧ್ಯವಿರುವುದಿಲ್ಲ ಎಂಬುದನ್ನು 2020ರಲ್ಲಿ ಕೊರೋನಾ ಕಾಲದಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳೆಲ್ಲರೂ ಅನುಭವಿಸಿದ್ದಾರೆ. ಆಗ ಇಲ್ಲದಿದ್ದ ಒಂದು ಅನುಕೂಲ ಈಗ ಇದೆ: 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಭಾಷೆಯನ್ನು ಆರಿಸಿಕೊಳ್ಳಬಹುದು, ಆ ಭಾಷೆಗಳಲ್ಲಿ ಕನ್ನಡವೂ ಇದೆ. ಜೀವಕ್ಕೇ ಅಪಾಯ ಎಂಬ ಹೊತ್ತಿನಲ್ಲಿ ಫೋನನ್ನು ನಂಬಿ ಕೂರದೆ ಹತ್ತಿರದ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಯಾವ ಭಾಷೆಯಾದರೂ ಸರಿ.

ನಮ್ಮಂಥ ಊರುಗಳಲ್ಲಿ ಗೋಪ್ಯತೆ ಬಹಳ ನಾಜೂಕಿನ ವಿಷಯ. ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದನ್ನು ಕಂಡ ಬಸ್ಸಿನ ಕಂಡಕ್ಟರಿನಿಂದ ಹಿಡಿದು ಎಲ್ಲರೂ ಪರಿಚಿತರೇ. ಮಾನಸಿಕ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಸೆಕ್ಷನ್ ನಮಗೆ ಕೊಟ್ಟಿದೆ. ಅಕ್ಕನ ಮಗನನ್ನು ನೋಡಿದ ಮಂಗಳೂರಿನ ಆ ಸೈಕಾಲಜಿಸ್ಟ್ ಮೊದಲ ದಿನವೇ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು, ಪ್ರತಿ ಸಾಲನ್ನೂ ಬೆರಳಿಟ್ಟು ಹುಡುಗನಿಗೇ ಓದಿ ಹೇಳಿದರು. ನೀನು ಹೇಳಿದ್ದು ನಿನ್ನ ತಾಯಿಗೂ ಹೋಗುವುದಿಲ್ಲ, ನಿನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಮಾತ್ರ ತಿಳಿಸುತ್ತೇನೆ, ಒಪ್ಪಿಗೆಯಾದರೆ ಸಹಿ ಹಾಕು ಎಂದರು. ಅವನು ಎರಡು ಸಲ ಓದಿ ಸಹಿ ಹಾಕಿದ. ಹೊರಗೆ ಬಂದ ಮೇಲೆ ಅಕ್ಕನಿಗೆ ಅಸಮಾಧಾನ: "ಹೆತ್ತವಳಿಗೇ ಹೇಳದಿರುವುದೆಂದರೇನು?" ಆ ಅಸಮಾಧಾನವನ್ನು ಅವಳು ನುಂಗಿಕೊಂಡದ್ದರಿಂದಲೇ ಹುಡುಗ ಅಲ್ಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲವೆಂದು ನಾನು ನಂಬಿದ್ದೇನೆ. ಇದಕ್ಕೆ ತದ್ವಿರುದ್ಧವಾಗಿ, ತಮ್ಮ ಬಳಿ ಬಂದವರ ಕಥೆಗಳನ್ನು ಊರಿನ ಹೆಸರು ಹಿಡಿದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ನಾಳೆ ನಮ್ಮ ಕಥೆಯೂ ಅಲ್ಲಿಗೆ ಬರುತ್ತದೆ.

ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆಯಾದರೆ ನಾವು ಜ್ಯೋತಿಷಿಗಳ ಬಳಿ ಪ್ರಶ್ನೆ ಇಡಿಸುತ್ತೇವೆ, ದೈವಕ್ಕೆ ಹರಕೆ ಹೇಳುತ್ತೇವೆ. ಅದನ್ನು ಗೇಲಿ ಮಾಡುವ ಸಮಾಲೋಚಕರು ಮನೆಯ ಹಿರಿಯರ ವಿಶ್ವಾಸವನ್ನು ಮೊದಲ ಭೇಟಿಯಲ್ಲೇ ಕಳೆದುಕೊಳ್ಳುತ್ತಾರೆ. ತಾವೇ ದೋಷಪರಿಹಾರ ಸೂಚಿಸುವವರು ತಮ್ಮ ವಿದ್ಯೆಯನ್ನು ಬಿಟ್ಟುಕೊಟ್ಟಿರುತ್ತಾರೆ. ಎರಡನ್ನೂ ಮಾಡದೆ, ನಿಮ್ಮ ನಂಬಿಕೆ ನಿಮಗಿರಲಿ, ಚಿಕಿತ್ಸೆಯನ್ನು ಮಾತ್ರ ತಪ್ಪಿಸಬೇಡಿ ಎನ್ನುವವರು ನನಗೆ ಸರಿ ಕಾಣುತ್ತಾರೆ. ದೇಹದ ಪರೀಕ್ಷೆಯ ಬಗ್ಗೆ ವಿಚಾರಿಸುವವರಿಗೂ ನನ್ನ ಮೆಚ್ಚುಗೆಯಿದೆ, ಏಕೆಂದರೆ ಥೈರಾಯ್ಡ್ ಕಡಿಮೆಯಾದಾಗಲೂ ಖಿನ್ನತೆಯಂಥ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಶುಲ್ಕವನ್ನು ಭೇಟಿಗೆ ಇಷ್ಟು ಎಂದು ಮೊದಲೇ ಹೇಳಲಿ. ಹತ್ತಾರು ಭೇಟಿಗಳ ಹಣವನ್ನು ಒಟ್ಟಿಗೆ ಮುಂಗಡ ಕೇಳಿದರೆ ಒಪ್ಪಬೇಡಿ.

ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ, ಚಿಕಿತ್ಸೆ ಫಲಿಸಬೇಕಾದರೆ ಇಬ್ಬರ ನಡುವೆ ಗುರಿಯ ಬಗ್ಗೆ ಒಪ್ಪಂದ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಂದ ಮತ್ತು ವಿಶ್ವಾಸದ ನಂಟು ಇರಬೇಕೆಂದು ವಿವರಿಸಿದರು. ಈ ಮೂರೂ ಒಂದೇ ಭೇಟಿಯಲ್ಲಿ ಕೂಡಿಬರಲಾರವು. ಮೂರು ನಾಲ್ಕು ಸಲ ಹೋಗಿಬಂದ ಮೇಲೂ ಏಕೆ ಹೋಗುತ್ತಿದ್ದೇವೆ ಎಂಬುದು ಸ್ಪಷ್ಟವಾಗದಿದ್ದರೆ, ಅಥವಾ ಅಲ್ಲಿ ಬಾಯಿಬಿಡಲು ಹೆದರಿಕೆಯೇ ಉಳಿದಿದ್ದರೆ, ಅದನ್ನು ಅವರ ಮುಂದೆಯೇ ಹೇಳಬೇಕು. ಒಳ್ಳೆಯವರು ಅದನ್ನು ಕೇಳಿ ತಮ್ಮ ದಾರಿಯನ್ನು ಬದಲಿಸುತ್ತಾರೆ, ಇಲ್ಲವೇ ಬೇರೆಯವರನ್ನು ಸೂಚಿಸುತ್ತಾರೆ. ಬೇರೆಯವರ ಬಳಿಗೆ ಹೋಗುವುದೇ ಆದರೆ ಈವರೆಗೆ ನಡೆದ ಚಿಕಿತ್ಸೆಯ ಸಾರಾಂಶವನ್ನು ಬರೆದುಕೊಡಲು ಕೇಳಿ, ಆ ಪತ್ರವನ್ನು ಜೊತೆಯಲ್ಲೇ ಒಯ್ಯಿರಿ. ನೊಂದವರು ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾದ ಕಷ್ಟ ಅದರಿಂದ ಎಷ್ಟೋ ಕಡಿಮೆಯಾಗುತ್ತದೆ.