ಪಟ್ಟಿಯಿಂದ ಒಂದು ಸಾಲು ಅಳಿಸಿದ ಸಂಜೆ

2024ರ ಸೆಪ್ಟೆಂಬರ್. ಕುಶಾಲನಗರದ ಹತ್ತಿರ ಕಾಫಿ ಹದಮಾಡಿ ವಿಂಗಡಿಸುವ ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ 320 ಮೂಟೆ ರೋಬಸ್ಟಾ ಚೆರ್ರಿ ಎಎ ದರ್ಜೆಯ ಕಾಫಿ ಬಲ್ಕಿಂಗ್ (ಎಲ್ಲ ಬೆಳೆಗಾರರ ಬೀಜ ಒಟ್ಟಿಗೆ ಬೆರೆಸುವುದು) ಮುಗಿದು, ಹೊಲಿಗೆ ಬಿದ್ದು, ಮಾರ್ಕಿಂಗ್ ಆಗಿ ನಿಂತಿತ್ತು. ಪಿಎಸ್‌ಎಸ್, ಅಂದರೆ ಸಾಗಣೆಗೆ ಮೊದಲು ಕಳಿಸುವ ಸ್ಯಾಂಪಲ್‌ಗೆ ಅಪ್ರೂವಲ್ ಬಂದಿತ್ತು. ಕಂಟೇನರ್ ಅಂಗಳಕ್ಕೆ ಬಂದಾಗಿತ್ತು. ಮಂಗಳೂರು ಬಂದರಿನ ಗೇಟ್ ಕಟ್‌ಆಫ್, ಅಂದರೆ ಕಂಟೇನರ್ ಒಳಗೆ ಬಿಡುವ ಕೊನೆಯ ಗಡುವು, ಮರುದಿನ ಸಂಜೆ. ನನ್ನ ಟೇಬಲ್ಲಿನ ಮೇಲೆ ಉಳಿದಿದ್ದು ಒಂದೇ ಕೆಲಸ. ಇಟಲಿಯ ಟ್ರೀಸ್ಟೆಯಲ್ಲಿರುವ, ನಮ್ಮಿಂದ ಕಾಫಿ ಕೊಂಡು ಹುರಿಯುವ ರೋಸ್ಟರ್ ಕಂಪನಿಯ ಪೋರ್ಟಲ್‌ಗೆ ತೋಟಗಳ ಫೈಲ್ ಹಾಕಬೇಕಿತ್ತು.

ನಾನು ಡಾಕ್ಯುಮೆಂಟೇಷನ್‌ನಲ್ಲಿ 14 ವರ್ಷದಿಂದ ಇದ್ದೇನೆ. ಇನ್‌ವಾಯ್ಸ್, ಐಸಿಓ, ಫೈಟೊ, ಬಿಎಲ್ ಅಂತ ರಫ್ತಿನ ಕಾಗದಗಳನ್ನೆಲ್ಲ ಕಣ್ಣುಮುಚ್ಚಿ ಮಾಡುತ್ತೇನೆ. ಈ ತೋಟದ ಫೈಲ್ ಮಾತ್ರ ಹೊಸದು. ಯುರೋಪಿನ ಕಾನೂನು 2023ರಲ್ಲಿ ಬಂತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ಪ್ರತಿ ತೋಟ ಎಲ್ಲಿದೆ ಅಂತ ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ ಕಮ್ಮಿ ಇದ್ದರೆ ಒಂದು ಪಾಯಿಂಟ್ ಸಾಕು. ಜಾಸ್ತಿ ಇದ್ದರೆ ಬೇಲಿ ಸುತ್ತಿ ಪಾಲಿಗನ್, ಅಂದರೆ ಮ್ಯಾಪ್ ಮೇಲೆ ಗಡಿಗೆರೆ, ಎಳೆಯಬೇಕು. ಅಕ್ಷಾಂಶ ರೇಖಾಂಶಕ್ಕೆ ದಶಾಂಶದ ನಂತರ ಆರು ಅಂಕಿ ಇರಬೇಕು. ಆಗ 2024ರ ಡಿಸೆಂಬರ್ 30ಕ್ಕೆ ಜಾರಿ ಅಂತ ಇತ್ತು. ಆ ಗ್ರಾಹಕರು ಮೊದಲೇ ರೂಢಿಯಾಗಲಿ ಅಂತ ಪ್ರತಿ ಲಾಟ್‌ಗೂ ಕೇಳಲು ಶುರುಮಾಡಿದ್ದರು.

ನಮ್ಮ ಲಾಟ್‌ನಲ್ಲಿ 62 ಬೆಳೆಗಾರರು. ಸುಂಟಿಕೊಪ್ಪ, ಚೆಟ್ಟಳ್ಳಿ, ಸಿದ್ದಾಪುರ, ಮಾದಾಪುರ ಕಡೆಯವರು. ಫೀಲ್ಡ್ ಹುಡುಗ ಮೊಬೈಲ್ ಹಿಡಿದು ಎರಡು ತಿಂಗಳು ಜಿಗಣೆ ಕಚ್ಚಿಸಿಕೊಂಡು ಓಡಾಡಿ ತಂದಿದ್ದ ಲೆಕ್ಕ ಅದು.

ಮಧ್ಯಾಹ್ನ ಮೂರಕ್ಕೆ ಅಪ್‌ಲೋಡ್ ಮಾಡಿದೆ. 62ಕ್ಕೆ 62 ಕೆಂಪು.

ಮ್ಯಾನೇಜರ್ ಬಂದು ಹಿಂದೆ ನಿಂತರು. ಅವರ ಭಯ ನನಗೆ ಗೊತ್ತಿತ್ತು. ಆ ವಾರಗಳಲ್ಲಿ ಲಂಡನ್ ಟರ್ಮಿನಲ್, ಅಂದರೆ ಅಲ್ಲಿನ ವಾಯಿದಾ ಪೇಟೆಯ ರೋಬಸ್ಟಾ ರೇಟು, ಟನ್ನಿಗೆ 5,000 ಡಾಲರ್ ದಾಟಿತ್ತು. ನಾವು ಮಾತು ಕೊಟ್ಟಿದ್ದು ಅದಕ್ಕಿಂತ ತುಂಬಾ ಕಮ್ಮಿ ರೇಟಿಗೆ. ಇಂಥ ಹೊತ್ತಲ್ಲಿ ಮಾಲು ತಡವಾದರೆ ಕೊಳ್ಳುವವರಿಗೆ ಬರುವ ಮೊದಲ ಅನುಮಾನ ಒಂದೇ. ಇವರು ಬೇರೆ ಕಡೆ ಜಾಸ್ತಿ ರೇಟಿಗೆ ಮಾರಿಬಿಟ್ಟರು ಅಂತ. ಅದರ ಮೇಲೆ ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿದ್ದವು. ಒಂದು ಹಡಗು ತಪ್ಪಿದರೆ ಎಷ್ಟು ದಿನ ಕಾಯಬೇಕೋ ಹೇಳುವ ಹಾಗಿರಲಿಲ್ಲ.

ಪೋರ್ಟಲ್ ಯಾಕೆ ಕೆಂಪು ಅಂತ ಹೇಳಲ್ಲ. ಇದು ನನ್ನ ದೊಡ್ಡ ತಕರಾರು, ಇವತ್ತಿಗೂ. ಮೊದಲೆಲ್ಲ ಸ್ಯಾಂಪಲ್ ರಿಜೆಕ್ಟ್ ಆದರೆ ಮೇಲ್‌ನಲ್ಲಿ ಎರಡು ಸಾಲು ಇರುತ್ತಿತ್ತು. ಕಪ್‌ನಲ್ಲಿ ಮಣ್ಣಿನ ವಾಸನೆ, ಮಾಯಿಶ್ಚರ್ ಜಾಸ್ತಿ, ಹೀಗೆ ಏನಾದರೂ. ಇಲ್ಲಿ ಬರೀ ಒಂದು ಬಣ್ಣ.

ಕರೆಂಟು ಹೋಯಿತು, ಜನರೇಟರ್ ಹಾಕಿಸಿದೆವು. ಮಳೆಗೆ ನೆಟ್‌ವರ್ಕ್ ಕೈಕೊಟ್ಟಿತು, ನನ್ನ ಮೊಬೈಲ್‌ನಿಂದ ಹಾಟ್‌ಸ್ಪಾಟ್ ಕೊಟ್ಟೆ. ಮ್ಯಾಪ್ ತೆರೆದು ಒಂದೊಂದೇ ತೋಟ ನೋಡಿದೆ. ಒಂದೂ ಕೊಡಗಿನಲ್ಲಿ ಇಲ್ಲ. ಎಲ್ಲ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಸಮುದ್ರದಲ್ಲಿ ಬಿದ್ದಿದ್ದವು. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ರೇಖಾಂಶ ಆಮೇಲೆ. ಜಿಯೋಜೇಸನ್ ಅನ್ನುವ ನಮೂನೆಯ ಮ್ಯಾಪ್ ಫೈಲ್‌ನಲ್ಲಿ ಅದು ತಿರುಗುಮುರುಗು. 12.5 ಮತ್ತು 75.8 ಅದಲುಬದಲಾಗಿ, ಮಾದಾಪುರದ ಕಾಫಿ ಹಿಮದ ಸಮುದ್ರ ಸೇರಿತ್ತು. ಎರಡು ಕಾಲಂ ಅದಲುಬದಲು ಮಾಡಿ ಮತ್ತೆ ಹಾಕಿದೆ. 61 ಹಸಿರು, ಒಂದು ಕೆಂಪು.

ಗಂಟೆ ಆರೂ ಕಾಲು. ನಾನು ದಾರಿ ತಪ್ಪಿದ್ದು ಇಲ್ಲೇ. ಮೊದಲನೇ ಕೆಂಪು ಫೈಲ್‌ನ ತಪ್ಪು. ಹಾಗಾಗಿ ಎರಡನೇ ಕೆಂಪೂ ಫೈಲ್‌ನ ತಪ್ಪೇ ಇರಬೇಕು ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತ್ತು. ಪಾಲಿಗನ್ ಎರಡು ಸಲ ತೆಗೆದು ಹಾಕಿದೆ. ಗೆರೆ ಎಲ್ಲೂ ಕತ್ತರಿಸಿರಲಿಲ್ಲ. ಸಂಖ್ಯೆಗಳೂ ಸರಿ. ಆದರೂ ಕೆಂಪು. ಮ್ಯಾನೇಜರ್ ಮೂರನೇ ಸಲ ಬಂದು, ‘ಆಯ್ತಾ?’ ಅಂದರು. ನಾನು ಆ ಸಾಲು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. 61ಕ್ಕೆ 61 ಹಸಿರಾಯಿತು. ಸಬ್ಮಿಟ್ ಮಾಡಿ, ‘ಆಯ್ತು ಸಾರ್’ ಅಂದೆ.

ಕೊಡೆ ತೆಗೆದುಕೊಳ್ಳುವಾಗ ಫೀಲ್ಡ್ ಹುಡುಗ ಬಾಗಿಲಲ್ಲಿ ನಿಂತಿದ್ದ. ಯಾವುದು ತೊಂದರೆ ಕೊಟ್ಟಿತು ಅಂತ ಕೇಳಿದ. ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕ, ಅವರ ಮೂಟೆ ಬಲ್ಕಿಂಗ್ ಆಗಿಬಿಟ್ಟಿದೆ ಅಲ್ವಾ?’ ಅಂದ.

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಆಗಿಬಿಟ್ಟಿತ್ತು. ಅವರ ಕಾಫಿ 320 ಮೂಟೆಯಲ್ಲೂ ಸ್ವಲ್ಪ ಸ್ವಲ್ಪ ಸೇರಿಹೋಗಿತ್ತು. ತೆಗೆಯಲು ಸಾಧ್ಯವೇ ಇಲ್ಲ. ಆ ಕಾನೂನಿನಲ್ಲಿ ಎಲ್ಲಿ ಬೆಳೆದದ್ದು ಅಂತ ಗೊತ್ತಿಲ್ಲದ ಕಾಫಿ ಒಂದು ಹಿಡಿ ಸೇರಿದರೂ ಇಡೀ ಲಾಟ್ ಕೆಟ್ಟ ಹಾಗೆ. ನಾನು ಗ್ರಾಹಕರಿಗೆ ಸುಳ್ಳು ಪಟ್ಟಿ ಕಳಿಸಿದ್ದೆ. ಬೆಳೆಗಾರರೊಬ್ಬರನ್ನು ಇಲ್ಲವೇ ಇಲ್ಲ ಅನ್ನಿಸಿಬಿಟ್ಟಿದ್ದೆ.

ಆ ರಾತ್ರಿ ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳಿದೆ. ಬೈದರು. ಆಮೇಲೆ, ‘ಪೋರ್ಟಲ್ ಹಸಿರು ಅಂದಿದೆಯಲ್ಲ, ಬಿಡಿ’ ಅಂದರು. ನಾನು ಬಿಡಲಿಲ್ಲ. ಬೆಳಿಗ್ಗೆ ಸ್ಟಫಿಂಗ್, ಅಂದರೆ ಕಂಟೇನರ್‌ಗೆ ಮೂಟೆ ತುಂಬುವುದನ್ನು, ನಿಲ್ಲಿಸಿ ಅಂತ ಕೇಳಿಕೊಂಡೆ. ಕೊನೆಗೆ ಮಧ್ಯಾಹ್ನದವರೆಗೆ ಅಂತ ಒಪ್ಪಿದರು.

ಏಳೂವರೆಗೆ ಹುಡುಗನ ಬೈಕಿನಲ್ಲಿ ಮಾದಾಪುರ ಕಡೆ ಹೊರಟೆವು. ತೋಟ 12 ಎಕರೆ. ಮನೆಯ ಹಿರಿಯರು ಕಣದ ಹತ್ತಿರ ಗೋಣಿ ಒಣಗಿಸುತ್ತಿದ್ದರು. ಕಾಫಿ ಕೊಟ್ಟು ಕೂರಿಸಿದರು. ಫೈಲ್‌ನಲ್ಲಿ ತಪ್ಪಿಲ್ಲ ಅಂದರೆ ಉಪಗ್ರಹದ ಚಿತ್ರದಲ್ಲಿ ಏನೋ ಕಂಡಿರಬೇಕು. ನಾನು ಮ್ಯಾಪ್ ತೋರಿಸಿ, ಒಳಗೆ ಮರ ಏನಾದರೂ ಕಡಿಸಿದಿರಾ ಅಂತ ಕೇಳಿದೆ.

‘ಸಿಲ್ವರ್ ಓಕ್ ಕೊಟ್ಟೆ. 2022ರಲ್ಲಿ, ಮಗಳ ಮದುವೆಗೆ,’ ಅಂದರು. ಕರೆದುಕೊಂಡು ಹೋಗಿ ತೋರಿಸಿದರು. ಬುಡಗಳು ಚಿಗುರಿದ್ದವು. ಅವುಗಳ ಮಧ್ಯೆ ತೊಡೆ ಗಾತ್ರದ ರೋಬಸ್ಟಾ ಗಿಡಗಳು, ಅವರ ಅಪ್ಪ ನೆಟ್ಟಿದ್ದು. ಮೆಣಸಿನ ಬಳ್ಳಿಗೆ ಆಸರೆ ಬೇಕಲ್ಲ ಅಂತ ಹಾಲುವಾಣ ನೆಟ್ಟಿದ್ದರು. ಇದರಲ್ಲಿ ಕಾಡೇನು ಬಂತು? ಐದು ಮೀಟರ್ ಮೀರಿದ ಮರಗಳು ಇದ್ದು ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ನೆರಳು ಇದ್ದರೆ ಕಾಡು ಅಂತ ಆ ಕಾನೂನು ಲೆಕ್ಕ ಹಾಕುತ್ತದೆ ನಿಜ. ಆದರೆ ಬೇಸಾಯದ ಜಾಗವನ್ನು ಅದೇ ಕಾನೂನು ಹೊರಗಿಟ್ಟಿದೆ. ಮರದ ನೆರಳಲ್ಲಿ ಬೆಳೆ ತೆಗೆಯುವ ಜಾಗವೂ ಅದರಲ್ಲೇ ಬರುತ್ತದೆ. ಮೇಲಿಂದ ನೋಡುವ ಉಪಗ್ರಹಕ್ಕೆ ಮಾತ್ರ ಎರಡೂ ಒಂದೇ ಹಸಿರು. ಕೊಡಗಿನ ಯಾವ ತೋಟದಲ್ಲಿ ನೆರಳಿಲ್ಲ ಹೇಳಿ?

ಅವರಿಗೆ ನಿಜ ಹೇಳಬೇಕಿತ್ತು, ಹೇಳಿದೆ. ನಿಮ್ಮ ಹೆಸರು ಪಟ್ಟಿಯಿಂದ ತೆಗೆದಿದ್ದೆ ಅಂತ. ಅವರು ಬೈಯಲಿಲ್ಲ. ‘ಪೂಲ್ ಇದ್ದಾಗ ನನ್ನ ಕಾಫಿ ಯಾರು ಕುಡೀತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ಅವರಿಗೂ ನಾನು ಗೊತ್ತಿರ್ಲಿಲ್ಲ. ಈಗ ಮರ ಬಿದ್ದದ್ದೂ ಅಲ್ಲಿಗೆ ಕಾಣ್ತದೆ. ಕೇಳಿದ್ರೆ ನಾನೇ ಹೇಳ್ತಿದ್ದೆನಲ್ಲಮ್ಮ,’ ಅಂದರು. ಪೂಲ್ ಅಂದರೆ ಎಲ್ಲರ ಕಾಫಿಯನ್ನೂ ಕಾಫಿ ಬೋರ್ಡ್ ಒಟ್ಟಿಗೆ ಸೇರಿಸಿ ಮಾರುತ್ತಿದ್ದ ಪದ್ಧತಿ, 1996ಕ್ಕೇ ಪೂರ್ತಿ ಮುಗಿದ ಕಥೆ. ಆದರೆ ಆ ಕೊನೆಯ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಬೆಳೆ ಕಾಲಂನಲ್ಲಿ ಕಾಫಿ ಅಂತ ಇದ್ದ ಹಳೇ ಆರ್‌ಟಿಸಿಗಳು, ಬುಡಗಳ ಫೋಟೋ, ಗಿಡಗಳ ಫೋಟೋ ಎಲ್ಲ ತೆಗೆದುಕೊಂಡು ವಾಪಸ್ ಬಂದೆ. ಹನ್ನೆರಡೂವರೆಗೆ ಟ್ರೀಸ್ಟೆಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಒಂಬತ್ತು. ಆ ಕ್ವಾಲಿಟಿ ಮೇಡಂ ಜೊತೆ ಒಂಬತ್ತು ವರ್ಷ ಮೇಲ್ ಮಾಡಿದ್ದೇನೆ, ದನಿ ಕೇಳಿದ್ದು ಅವತ್ತೇ ಮೊದಲು. ನಿನ್ನೆ ಕಳಿಸಿದ ಪಟ್ಟಿ ಸರಿಯಿಲ್ಲ, ಒಂದು ಹೆಸರು ನಾನೇ ಅಳಿಸಿದ್ದೆ ಅಂದೆ. ಆ ಕಡೆ ಮೌನ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಆ ಗಿಡಗಳಿಗೆ ಎಷ್ಟು ವಯಸ್ಸು ಅಂತ.

ಫೋಟೋ ಕಳಿಸಿದೆ. ಎರಡು ದಿನ ತೆಗೆದುಕೊಂಡರು. 62 ಹೆಸರಿನ ಪಟ್ಟಿಗೇ ಒಪ್ಪಿದರು. ಪೋರ್ಟಲ್‌ನಲ್ಲಿ ಕಾಮೆಂಟ್ ಬರೆಯುವ ಜಾಗವನ್ನು ತಮ್ಮ ಕಡೆ ಯಾರೂ ಓದುವುದಿಲ್ಲ, ಹೀಗಾದರೆ ಮೊದಲು ಫೋನ್ ಮಾಡಿ ಅಂತಲೂ ಹೇಳಿದರು. ಹಡಗು ತಪ್ಪಿತ್ತು. ಮುಂದಿನದು ಎಂಟು ದಿನಕ್ಕೆ ಸಿಕ್ಕಿತು. ಕಂಟೇನರ್ ಬಾಡಿಗೆ ನಾವೇ ಕಟ್ಟಿದೆವು. ಆ ತಡಕ್ಕೆ ಪೋರ್ಟಲ್ ತಾನಾಗೇ, ಮಾಲು ಕಳಿಸುವವರಾಗಿ ನಮಗಿದ್ದ ಅಂಕ ಇಳಿಸಿತು. ಮೇಡಂ ಒಪ್ಪಿಕೊಂಡದ್ದು ಅದಕ್ಕೆ ಗೊತ್ತಿಲ್ಲ, ಕಾಮೆಂಟ್‌ನಲ್ಲಿ ಬರೆದರೂ ಓದುವವರಿಲ್ಲ.

ಆ ಡಿಸೆಂಬರ್‌ನಲ್ಲಿ ಕಾನೂನು ಒಂದು ವರ್ಷ ಮುಂದಕ್ಕೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಇನ್ನೊಂದು ವರ್ಷ. ಮುಂದೆ ಹೋಯಿತಲ್ಲ, ಇನ್ನು ಯಾಕೆ ಮ್ಯಾಪಿಂಗ್ ಖರ್ಚು ಅಂತ ಆಫೀಸಿನಲ್ಲಿ ಮಾತು ಬಂತು. ನಾನು ಬೇಡ, ನಿಲ್ಲಿಸಬೇಡಿ ಅಂದೆ. ಈಗ ಫೀಲ್ಡ್ ಹುಡುಗನ ಶೀಟ್‌ನಲ್ಲಿ ಒಂದು ಕಾಲಂ ಜಾಸ್ತಿ ಇದೆ. ಮರ ಮಾರಿದ್ದು, ಮರಗಸಿ (ನೆರಳಿನ ಕೊಂಬೆ ಸವರುವುದು) ಮಾಡಿದ್ದು, ಬರೆ (ಇಳಿಜಾರಿನ ಮಣ್ಣು) ಜರಿದದ್ದು, ಯಾವ ವರ್ಷ ಅಂತ ಬೆಳೆಗಾರರ ಬಾಯಲ್ಲೇ ಕೇಳಿ ಬರೆಯಬೇಕು. ಬಲ್ಕಿಂಗ್‌ಗೆ ಮೊದಲೇ ಫೈಲ್ ಹಾಕುತ್ತೇನೆ. ಇದನ್ನು ಒಪ್ಪಿಸಲು ಮ್ಯಾನೇಜ್‌ಮೆಂಟ್ ಜೊತೆ ನಾಲ್ಕು ತಿಂಗಳು ಗುದ್ದಾಡಬೇಕಾಯಿತು.

ಈ ವರ್ಷ ಮಾದಾಪುರದ ಆ ತೋಟಕ್ಕೆ ನಾನೂ ಹೋಗಿದ್ದೆ. ಹಿರಿಯರು ಕನ್ನಡಕ ಹಾಕಿಕೊಂಡು ಮೊಬೈಲ್‌ನಲ್ಲಿ ತಮ್ಮ ಪಾಲಿಗನ್ ನೋಡಿದರು. ಬೆರಳಿಟ್ಟು, ‘ಇದು ತಪ್ಪು. ಇಲ್ಲಿ ರಸ್ತೆ ಹಿಡಿದು ಎಳೆದಿದ್ದೀರಿ. ನಮ್ಮ ಗಡಿ ಹೋಗೋದು ಕಡಂಗದ ಮೇಲೆ,’ ಅಂದರು. ಕಡಂಗ ಅಂದರೆ ಮಣ್ಣಿನ ಕಂದಕ. ಹುಡುಗ ಹಳೇ ಗೆರೆ ಅಳಿಸಿದ. ಅವರು ಕತ್ತಿ ಹಿಡಿದು ಮುಂದೆ ನಡೆದರು, ನಾವು ಹಿಂದೆ.